ನೆಲಮಾಳಿಗೆಯ ಉದ್ದಗಾಲಿನ ಜೇಡ: ಒಂದು ಮನೆಯ ಪ್ರಕರಣ

"ಮನೆ ತುಂಬ ವಿಷದ ಜೇಡಗಳಿವೆ, ಮಗಳಿಗೂ ಕಡಿದಿವೆ, ಎಷ್ಟು ಔಷಧ ಹೊಡೆದರೂ ಹೋಗುತ್ತಿಲ್ಲ." ಆ ಮನೆಯವರ ದೂರು ಇಷ್ಟೇ. ಪರಿಶೀಲನೆ ಮುಗಿಯುವ ಹೊತ್ತಿಗೆ ಈ ಮೂರು ಮಾತುಗಳಲ್ಲಿ ನಿಜವಾಗಿ ಉಳಿದದ್ದು ಕೊನೆಯದೊಂದೇ. ಮನೆಯ ಜೇಡದ ಬಗ್ಗೆ ಜನರಿಗಿರುವ ಭಯ, ಆ ಭಯದಿಂದ ಆಗುವ ಅನಾಹುತ, ಜೇಡ ಅಲ್ಲಿಗೆ ಬಂದು ನೆಲೆಸಲು ಇರುವ ಅಸಲಿ ಕಾರಣ, ಎಲ್ಲವೂ ಒಂದೇ ಸೂರಿನಡಿ ಸಿಕ್ಕಿದ್ದರಿಂದ ಈ ಪ್ರಕರಣವನ್ನು ವಿವರವಾಗಿ ದಾಖಲಿಸುತ್ತಿದ್ದೇನೆ.

ಅದು ಎರಡು ಅಂತಸ್ತಿನ ಮನೆ, ಅದರಡಿ ಒಂದು ನೆಲಮಾಳಿಗೆ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರ, ರಟ್ಟಿನ ಪೆಟ್ಟಿಗೆಗಳ ರಾಶಿ, ಯಾರೂ ಬಳಸದ ಒಂದು ಬಚ್ಚಲುಮನೆ. ದಂಪತಿ, ಶಾಲೆಗೆ ಹೋಗುವ ಮಗಳು, ಗಂಡನ ತಾಯಿ ಮತ್ತು ಒಂದು ಬೆಕ್ಕು ಅಲ್ಲಿನ ನಿವಾಸಿಗಳು. ಜೇಡಗಳು ಮೊದಲು ಕಂಡದ್ದು ನೆಲಮಾಳಿಗೆಯ ಸೂರಿನಲ್ಲಿ. ಆಮೇಲೆ ಮೆಟ್ಟಿಲಿನ ಅಡಿಯಲ್ಲಿ, ಕ್ರಮೇಣ ಮೇಲಿನ ಕೋಣೆಗಳ ಮೂಲೆಗಳಲ್ಲಿ. ಕೀಟನಾಶಕದ ಸ್ಪ್ರೇ ಡಬ್ಬಿಗಳು ಒಂದರ ಹಿಂದೊಂದು ಖಾಲಿಯಾಗಿದ್ದವು. ಮಗಳ ಕತ್ತಿನ ಮೇಲೆ ಉರಿಯುವ ಕೆಂಪು ಗೆರೆಯೊಂದು ಮೂಡಿದ ದಿನ ಮಾತ್ರ ಮನೆಯವರ ಸಹನೆ ಪೂರ್ತಿ ಕಟ್ಟೆಯೊಡೆಯಿತು.

ಎಲ್ಲರಿಗಿಂತ ಉಪಯುಕ್ತವಾದ ಮಾಹಿತಿ ಕೊಟ್ಟವರು ಆ ಹಿರಿಯ ತಾಯಿ. "ಬಲೆ ತೆಗೆದು ನಾಲ್ಕು ದಿನ ಕಳೆಯುವುದಿಲ್ಲ, ಅದೇ ಮೂಲೆಯಲ್ಲಿ ಮತ್ತೆ ಹಾಗೆಯೇ ತಲೆ ಕೆಳಗಾಗಿ ನೇತಾಡುತ್ತಿರುತ್ತದೆ, ನೋಡಿ. ಬೇರೆ ಮೂಲೆ ಅದಕ್ಕೆ ಬೇಕಾಗಿಯೇ ಇಲ್ಲ" ಎಂದರು. ಅದೇ ಮೂಲೆ ಮತ್ತೆ ಮತ್ತೆ ಬೇಕೆಂದರೆ ಆ ಮೂಲೆಗೆ ಊಟ ಬರುತ್ತಿದೆ ಎಂದರ್ಥ. ಹುಡುಕಬೇಕಾದದ್ದು ಆ ಊಟ ಎಲ್ಲಿಂದ ಬರುತ್ತಿದೆ ಎಂಬುದನ್ನು.

ಯಾವ ಜೇಡ?

ಜೇಡ ಯಾವುದೆಂದು ತಿಳಿಯದೆ ಅದರ ನಿಯಂತ್ರಣಕ್ಕೆ ಕೈ ಹಾಕಬಾರದು. ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಟಾರ್ಚ್ ಮತ್ತು ಭೂತಗನ್ನಡಿ ಇದ್ದರೆ ಸಾಕು. ಬಲೆಯಲ್ಲಿ ಅಲುಗಾಡದೆ ಕುಳಿತ ಜೇಡವನ್ನು ಗುರುತಿಸುವುದು ಓಡಾಡುವ ಕೀಟವನ್ನು ಗುರುತಿಸುವುದಕ್ಕಿಂತ ಸುಲಭ.

ಒಗೆಯುವ ಯಂತ್ರದ ಹಿಂದಿನ ಮೂಲೆಯಲ್ಲಿ ಒಂದು ಹೆಣ್ಣು ಜೇಡವಿತ್ತು. ತಲೆ-ಎದೆ ಮತ್ತು ಹೊಟ್ಟೆ ಸೇರಿ ಒಂದು ಸೆಂಟಿಮೀಟರ್‌ಗೂ ಕಡಿಮೆ. ಆದರೆ ಕಾಲುಗಳು ದೇಹದ ಉದ್ದದ ಐದಾರು ಪಟ್ಟು, ಕೂದಲೆಳೆಯಷ್ಟು ತೆಳು, ಮಂಡಿಯ ಬಳಿ ಮಾತ್ರ ತುಸು ಕಪ್ಪು. ಮಾಸಲು ಬೂದು ಬಣ್ಣದ ಹೊಟ್ಟೆ ಕೊಳವೆಯ ಹಾಗೆ ನೀಳವಾಗಿತ್ತು. ಬೆನ್ನಿನ ಮುಂಭಾಗದಲ್ಲಿ ಕಂದು ಮಚ್ಚೆ. ಭೂತಗನ್ನಡಿ ಹಿಡಿದಾಗ ಕಣ್ಣುಗಳ ಜೋಡಣೆ ಸ್ಪಷ್ಟವಾಯಿತು: ಎರಡು ಪಕ್ಕಗಳಲ್ಲಿ ಮೂರು ಮೂರು ಕಣ್ಣುಗಳ ಗುಂಪು, ನಡುವೆ ಎರಡು ಸಣ್ಣ ಕಣ್ಣು. ಅಲ್ಲಿಗೆ ಫೋಲ್ಸಿಡೇ ಕುಟುಂಬದ ಜೇಡ ಎನ್ನುವುದು ಖಚಿತವಾಯಿತು.

ಇನ್ನೂ ಎರಡು ಲಕ್ಷಣಗಳನ್ನು ನೋಡಿದೆ. ಪೆನ್ಸಿಲ್ ತುದಿಯಿಂದ ಬಲೆಯ ಒಂದು ಎಳೆಯನ್ನು ಮೆಲ್ಲಗೆ ಮುಟ್ಟಿದೊಡನೆ ಜೇಡ ಕಾಲೂರಿದ ಜಾಗದಲ್ಲೇ ದೇಹವನ್ನು ಗರಗರನೆ ತಿರುಗಿಸತೊಡಗಿತು. ಕ್ಷಣದಲ್ಲಿ ಅದರ ಆಕಾರವೇ ಮಸುಕಾಗಿ, ಕಣ್ಣಿಗೆ ಕಂಡದ್ದು ಒಂದು ನಡುಗುವ ಮಂಜು ಮಾತ್ರ. ಶತ್ರು ಗುರಿ ಹಿಡಿಯಲಾಗದಂತೆ ಮಾಡುವ ಉಪಾಯ ಇದು. ಜಿಗಿಯುವ ಜೇಡಗಳಿಂದ ತಪ್ಪಿಸಿಕೊಳ್ಳಲು ಚೆನ್ನಾಗಿ ನೆರವಾಗುತ್ತದೆ. ಮೈಮೇಲೆ ಎರಗಿ ಬರುವುದು ಇದರ ಸ್ವಭಾವದಲ್ಲೇ ಇಲ್ಲ. ಇನ್ನೊಂದು ಲಕ್ಷಣ ಅದರ ಬಾಯಲ್ಲೇ ಇತ್ತು. ಗುಂಡಗಿನ ಮೊಟ್ಟೆಗಳ ಒಂದು ಗಂಟನ್ನು ಅದು ದವಡೆಗಳ ನಡುವೆ ಕಚ್ಚಿ ಹಿಡಿದಿತ್ತು. ಗಂಟನ್ನು ಕಟ್ಟಿದ ರೇಷ್ಮೆ ಎಷ್ಟು ಕಡಿಮೆಯೆಂದರೆ ಒಂದೊಂದು ಮೊಟ್ಟೆಯನ್ನೂ ಬಿಡಿಯಾಗಿ ಎಣಿಸಬಹುದಿತ್ತು. ಸಾಮಾನ್ಯವಾಗಿ ಅದರಲ್ಲಿ ಇಪ್ಪತ್ತು ಮೂವತ್ತು ಮೊಟ್ಟೆಗಳಿರುತ್ತವೆ. ಮರಿ ಹೊರಬರುವವರೆಗೂ ತಾಯಿ ಅದನ್ನು ಬಿಡುವುದಿಲ್ಲ. ಮನೆಯೊಡತಿಯನ್ನು ಕರೆದು ತೋರಿಸಿದೆ. ಅಲ್ಲಿಯವರೆಗೆ ದೂರದಲ್ಲಿ ನಿಂತಿದ್ದವರು ಆಗ ಹತ್ತಿರ ಬಂದು ಬಗ್ಗಿ ನೋಡಿದರು.

ಜಗತ್ತಿನ ಬಹುಭಾಗದ ಮನೆಗಳಲ್ಲಿ ಸಿಗುವ ಫೋಲ್ಕಸ್ ಫಲಾಂಜಿಯಾಯ್ಡಿಸ್ ಎಂಬ ಪ್ರಭೇದ ಇದು. 1775ರಲ್ಲಿ ಇದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಲಾಯಿತು. ಬೆಚ್ಚಗಿನ ನಾಡುಗಳ ಮನೆಗಳಲ್ಲಿ ಇದರ ಬಂಧುವಾದ ಕ್ರಾಸೊಪ್ರೈಜಾ ಲಯೋನಿ ಹೆಚ್ಚು ಕಾಣುತ್ತದೆ. ಅದರ ಹೊಟ್ಟೆಯ ಹಿಂತುದಿ ಮೇಲಕ್ಕೆ ಮೊನಚಾಗಿರುತ್ತದೆ, ಬದಿಯಿಂದ ನೋಡಿದರೆ ಮೂಲೆ ಮೂಲೆಯಾಗಿ ಕಾಣುತ್ತದೆ. ನಿಯಂತ್ರಣದ ಮಟ್ಟಿಗೆ ಎರಡಕ್ಕೂ ಒಂದೇ ವಿಧಾನ. ಹಾಗಾಗಿ ಈ ಬಗೆಯ ಜೇಡದ ವಿಷಯದಲ್ಲಿ ಕುಟುಂಬದವರೆಗೆ ಗುರುತಿಸಿದರೂ ಕೆಲಸ ನಡೆಯುತ್ತದೆ. ತೋಟದಲ್ಲಿ ಕಾಣುವ ಹಾರ್ವೆಸ್ಟ್‌ಮನ್ ಎಂಬ ಉದ್ದಗಾಲಿನ ಜೀವಿಯನ್ನು ಇದರೊಂದಿಗೆ ಬೆರೆಸಿ ಹೇಳುವುದುಂಟು. ಅದು ಜೇಡವೇ ಅಲ್ಲ. ಅದಕ್ಕೆ ನಡು ಇಲ್ಲ, ಅದು ಬಲೆ ನೇಯುವುದಿಲ್ಲ, ವಿಷಗ್ರಂಥಿಯೂ ಇಲ್ಲ.

ಕಿಟಕಿಯ ಚೌಕಟ್ಟಿನಲ್ಲಿ ಮಾತ್ರ ಬೇರೆ ಜಾತಿಯದೊಂದು ಸಿಕ್ಕಿತು. ಗಿಡ್ಡ ಕಾಲು, ಉಬ್ಬಿದ ದುಂಡು ಹೊಟ್ಟೆ, ಕಂದು ಬಣ್ಣದ ಮೇಲೆ ಅಸ್ತವ್ಯಸ್ತ ಗೆರೆಗಳು. ಇಂಥ ಆಕಾರ ಕಂಡಾಗ ಬ್ಲ್ಯಾಕ್ ವಿಡೋ ಎಂಬ ವಿಷಕಾರಿ ಜೇಡಗಳ ಗುಂಪಿನದಲ್ಲವೆಂದು ಖಾತ್ರಿಪಡಿಸಿಕೊಳ್ಳದೆ ಕೈ ಹಾಕಬಾರದು. ಆ ಗುಂಪಿನ ಹೆಣ್ಣುಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಅಡಿಭಾಗದಲ್ಲಿ ಮರಳುಗಡಿಯಾರದ ಆಕಾರದ ಕೆಂಪು ಇಲ್ಲವೇ ಕಿತ್ತಳೆ ಗುರುತು ಇರುತ್ತದೆ. ಇದಕ್ಕೆ ಅದಿರಲಿಲ್ಲ. ಬಲೆಯಲ್ಲಿ ಕಂದು ಕಾಗದದಂಥ ಹೊದಿಕೆಯ, ಹನಿಯಾಕಾರದ ಮೊಟ್ಟೆಚೀಲಗಳು ತೂಗುತ್ತಿದ್ದವು. ಅದು ಪ್ಯಾರಾಸ್ಟಿಯಟೋಡಾ ಟೆಪಿಡೇರಿಯೋರಮ್, ಅಂದರೆ ಮನೆಗಳ ಇನ್ನೊಂದು ಸಾಮಾನ್ಯ ಜೇಡ. ಇದೂ ನಿರುಪದ್ರವಿಯೆಂದೇ ಹೇಳಬಹುದು. ಆದರೆ ಇದರ ಒಂದೊಂದು ಚೀಲದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳಿರಬಹುದು. ಮೊಟ್ಟೆಗಳನ್ನು ಇದು ಬಾಯಲ್ಲಿ ಹೊತ್ತು ತಿರುಗುವುದಿಲ್ಲ, ಬಲೆಯಲ್ಲೇ ತೂಗುಬಿಡುತ್ತದೆ. ಈ ವ್ಯತ್ಯಾಸ ಮುಂದೆ ಶುಚಿಗೊಳಿಸುವಾಗ ಮುಖ್ಯವಾಯಿತು.

ಬಲೆಯ ಕೆಳಗೆ ಬಿದ್ದಿದ್ದೇನು

ಜೇಡ ಎಲ್ಲಿದೆ ಎಂದು ಜನ ಸೂರಿನ ಕಡೆ ನೋಡುತ್ತಾರೆ. ನಾನು ಮೊದಲು ನೋಡುವುದು ಅದರ ನೇರ ಕೆಳಗಿನ ನೆಲವನ್ನು. ಉಂಡು ಬಿಸುಟ ಕೀಟಗಳ ತೊಗಟೆ, ರೆಕ್ಕೆ, ಕಾಲುಗಳೆಲ್ಲ ಅಲ್ಲೇ ಉದುರಿರುತ್ತವೆ. ಗುಡಿಸುವ ಮುನ್ನ ಅವನ್ನು ಬಿಳಿ ಕಾಗದದ ಮೇಲೆ ಕೂಡಿಸಿಕೊಂಡರೆ ಮನೆಯೊಳಗೆ ಏನೇನು ಹುಟ್ಟುತ್ತಿದೆ, ಹೊರಗಿನಿಂದ ಏನೇನು ನುಗ್ಗುತ್ತಿದೆ ಎನ್ನುವುದರ ಪಟ್ಟಿಯೇ ಕೈಗೆ ಬರುತ್ತದೆ.

ಒಗೆಯುವ ಯಂತ್ರದ ಹಿಂದೆ ಸಿಕ್ಕ ಕಸದಲ್ಲಿ ಬಹುಪಾಲು ಬಚ್ಚಲ ನೊಣಗಳು. ತುಪ್ಪಳದಂಥ ರೋಮವಿರುವ ಅಗಲ ರೆಕ್ಕೆಗಳ ಈ ಪುಟ್ಟ ನೊಣಗಳು ನೋಡಲು ಪತಂಗದ ಹಾಗಿರುತ್ತವೆ. ಬಚ್ಚಲಿನ ಗೋಡೆಗೆ ಅಂಟಿಕೊಂಡಂತೆ ಕೂರುತ್ತವೆ. ನೀರು ಹೋಗುವ ಕೊಳವೆಯ ಒಳಗೋಡೆಗೆ ಕಟ್ಟುವ ಲೋಳೆಯಲ್ಲಿ ಇವು ಮೊಟ್ಟೆಯಿಡುತ್ತವೆ, ಹುಳುಗಳು ಅದನ್ನೇ ತಿಂದು ಬೆಳೆಯುತ್ತವೆ. ಪೆಟ್ಟಿಗೆಗಳ ಬಳಿಯ ಬಲೆಗಳ ಕೆಳಗೆ ಕಾಗದ ಕೊರೆಯುವ ಬೆಳ್ಳಿ ಹುಳುಗಳ ಚೂರುಗಳಿದ್ದವು. ಮಹಡಿಯ ವರಾಂಡದ ಬಾಗಿಲಿನ ಬಲೆಗಳಲ್ಲಿ ಸೊಳ್ಳೆ, ಸಣ್ಣ ಪತಂಗ, ರೆಕ್ಕೆಯ ಇರುವೆಗಳು. ಎರಡು ಕಡೆ ಬೇರೆ ದೊಡ್ಡ ಜೇಡಗಳ ಒಣ ಕಾಲುಗಳೂ ಸಿಕ್ಕವು. ಉದ್ದಗಾಲಿನ ಈ ಜೇಡ ಪರರ ಬಲೆಗೆ ಹೋಗಿ, ಸಿಕ್ಕಿಬಿದ್ದ ಕೀಟ ಒದ್ದಾಡುವಂತೆ ಎಳೆಗಳನ್ನು ಅಲುಗಿಸಿ, ಆ ಬಲೆಯ ಒಡೆಯನಾದ ಜೇಡ ಬಳಿಗೆ ಬಂದಾಗ ಅದನ್ನೇ ಹಿಡಿದು ತಿನ್ನಬಲ್ಲದು. ಕಾಲು ಉದ್ದವಿರುವುದರಿಂದ ತಾನು ದೂರ ನಿಂತು ಹಿಂಗಾಲುಗಳಿಂದ ನೂಲು ಎಸೆದು ಸುತ್ತಿ, ಶತ್ರು ಅಸಹಾಯಕವಾದ ಮೇಲೆ ಕಚ್ಚುತ್ತದೆ. ತನಗಿಂತ ದೊಡ್ಡ ಜೇಡವನ್ನು ಮಣಿಸುವುದು ಇದೇ ಉಪಾಯದಿಂದ. ಇಂಥ ಬೇಟೆಗಾರನನ್ನು ಮನೆಯಿಂದ ಪೂರ್ತಿ ಅಳಿಸಿಹಾಕುವುದು ಜಾಣತನವಲ್ಲ ಎಂಬ ನನ್ನ ಅಭಿಪ್ರಾಯವನ್ನು ಮನೆಯವರಿಗೂ ಮುಚ್ಚಿಡಲಿಲ್ಲ.

ನೆಲಮಾಳಿಗೆಯಲ್ಲಿ ಆರ್ದ್ರತೆ ಶೇ 75ರ ಆಸುಪಾಸಿನಲ್ಲಿತ್ತು. ಇವು ಒಣ ಗಾಳಿಗಿಂತ ತೇವವಿರುವಲ್ಲಿ ಚೆನ್ನಾಗಿ ಬಾಳುವ ಜೇಡಗಳು. ಬಳಸದ ಬಚ್ಚಲಿನಲ್ಲಿ ಏನಾಗಿದೆಯೆಂದು ಊಹಿಸುವುದು ಕಷ್ಟವಿರಲಿಲ್ಲ. ನೀರು ಹೋಗುವ ಬಾಯಿಯ ಕೆಳಗಿನ ಟ್ರ್ಯಾಪ್‌ನಲ್ಲಿ ಸದಾ ನೀರು ನಿಂತಿರಬೇಕು. ಕೊಳವೆಯೊಳಗಿನ ದುರ್ನಾತವನ್ನೂ ಕೀಟಗಳನ್ನೂ ತಡೆಯುವುದು ಆ ನೀರೇ. ತಿಂಗಳುಗಟ್ಟಲೆ ಯಾರೂ ಒಂದು ತಂಬಿಗೆ ನೀರನ್ನೂ ಸುರಿಯದ ಕಾರಣ ಅದು ಆವಿಯಾಗಿ ಹೋಗಿತ್ತು. ಖಾತ್ರಿಗಾಗಿ ಜಾಲರಿಯ ಮೇಲೆ ಪಾರದರ್ಶಕ ಟೇಪನ್ನು ಅಂಟಿನ ಬದಿ ಕೆಳಗೆ ಮಾಡಿ, ಗಾಳಿಯಾಡಲು ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟು ರಾತ್ರಿಯಿಡೀ ಅಂಟಿಸಿಡಲು ಹೇಳಿದೆ. ಬೆಳಗ್ಗೆ ಟೇಪಿನ ತುಂಬ ಬಚ್ಚಲ ನೊಣಗಳು.

ಮಗುವಿನ ಕತ್ತಿನ ಗಾಯ

ಮನೆಯವರ ಮನಸ್ಸನ್ನು ತಿಂದಿದ್ದು ಇದೇ. ಗಾಯಕ್ಕೆ ಚಿಕಿತ್ಸೆ ಹೇಳುವುದು ವೈದ್ಯರ ಕೆಲಸ, ಮನೆಯವರು ಅದಾಗಲೇ ಚರ್ಮರೋಗ ತಜ್ಞರ ಬಳಿ ಹೋಗಿಯೂ ಬಂದಿದ್ದರು. ಚರ್ಮ ಸುಟ್ಟಂಥ ಉರಿಯೂತ, ಏನೋ ಕೀಟದ ರಸ ತಾಗಿರಬೇಕು ಎಂದು ವೈದ್ಯರು ಹೇಳಿದ್ದರೂ ಮನೆಯವರ ಮನಸ್ಸು "ಜೇಡ" ಎಂಬಲ್ಲೇ ನಿಂತಿತ್ತು.

ಗಾಯದ ಆಕಾರ ಬೇರೆಯೇ ಕಥೆ ಹೇಳುತ್ತಿತ್ತು. ಅದು ಚುಚ್ಚಿದ ಗುರುತಲ್ಲ, ಎಳೆದ ಗೆರೆ. ಕೆಂಪಾಗಿ, ಮೇಲೆ ಸಣ್ಣ ಗುಳ್ಳೆಗಳೆದ್ದಿದ್ದವು. ಮಗು ಮಲಗುವ ಕೋಣೆಯ ಕಿಟಕಿ ವರಾಂಡಕ್ಕೆ ತೆರೆಯುತ್ತದೆ, ವರಾಂಡದಲ್ಲಿ ರಾತ್ರಿಯಿಡೀ ಉರಿಯುವ ಬಿಳಿ ಬೆಳಕಿನ ದೀಪ. ಅದರ ಕೆಳಗಿನ ಕಿಟಕಿಯ ಅಂಚಿನಲ್ಲಿ ನಾಲ್ಕಾರು ಸತ್ತ ಜೀರುಂಡೆಗಳಿದ್ದವು. ಒಂದು ಸೆಂಟಿಮೀಟರ್‌ಗಿಂತ ಚಿಕ್ಕ, ತೆಳ್ಳಗಿನ ದೇಹ. ಕಪ್ಪು ತಲೆ, ಕಿತ್ತಳೆ ಎದೆ, ನೀಲಿ ಹೊಳಪಿನ ಗಿಡ್ಡ ಮೇಲ್ರೆಕ್ಕೆ, ಮತ್ತೆ ಕಿತ್ತಳೆ ಹೊಟ್ಟೆ, ತುದಿಯಲ್ಲಿ ಮತ್ತೆ ಕಪ್ಪು. ಪೆಡೆರಸ್ ಜೀರುಂಡೆ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಮೈಮೇಲೆ ಹರಿದಾಡುವಾಗ ನಾವು ಕೈಯಿಂದ ಉಜ್ಜಿ ಅರೆದುಬಿಟ್ಟರೆ ಅದರ ದೇಹರಸದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ. ಉಜ್ಜಿದ ಉದ್ದಕ್ಕೂ ಗೆರೆ ಬೀಳುತ್ತದೆ. ಉರಿ ಕಾಣಿಸಿಕೊಳ್ಳುವುದು ಕೂಡಲೇ ಅಲ್ಲ, ಒಂದೆರಡು ದಿನದೊಳಗೆ. ಅಷ್ಟರಲ್ಲಿ ಜೀರುಂಡೆಯ ಸುಳಿವೇ ಇರುವುದಿಲ್ಲ. ಸೂರಿನಲ್ಲಿ ಕಾಣುವುದು ಜೇಡ, ತಪ್ಪು ಹೋಗಿ ಕೂರುವುದೂ ಅದರ ತಲೆಯ ಮೇಲೆ. ಗಾಯದ ಗುರುತು, ದೀಪ, ಜೀರುಂಡೆ ಮೂರೂ ಒಂದೇ ಕಡೆ ಬೆರಳು ತೋರಿಸಿದ್ದರಿಂದ ವೈದ್ಯರ ಮಾತಿಗೆ ಬಲ ಬಂತು. ಮಗುವಿಗೆ ಹೇಳಿದ್ದು ಇಷ್ಟೇ: ಕಿತ್ತಳೆ-ಕಪ್ಪು ಹುಳು ಮೈಮೇಲೆ ಕಂಡರೆ ಒರೆಸಬೇಡ, ಊದಿ ಹಾರಿಸು. ಅರೆದುಹೋದರೆ ಕೂಡಲೇ ಸೋಪು ನೀರಿನಿಂದ ತೊಳೆದುಕೋ, ಆ ಕೈಯಿಂದ ಕಣ್ಣು ಮುಟ್ಟಬೇಡ.

ಉದ್ದಗಾಲಿನ ಜೇಡದ ವಿಷ ಜಗತ್ತಿನಲ್ಲೇ ಘೋರವಾದದ್ದು, ಕೋರೆ ಚಿಕ್ಕದಾದ್ದರಿಂದ ನಾವು ಉಳಿದಿದ್ದೇವೆ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಈ ಮನೆಯ ಯಜಮಾನರೂ ಅದನ್ನೇ ಓದಿ ನಂಬಿದ್ದರು. ಅದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಇದರ ಕೋರೆಗಳು ಚಿಕ್ಕವು ಎನ್ನುವುದು ನಿಜ, ವಿಷ ಘೋರ ಎನ್ನುವುದು ಸುಳ್ಳು.

ಔಷಧ ಏಕೆ ಸೋತಿತು

ಜೇಡದ ಮೈಮೇಲೆ ನೇರವಾಗಿ ಬಿದ್ದರೆ ಸ್ಪ್ರೇ ಅದನ್ನು ಕೊಲ್ಲುತ್ತದೆ. ಗೋಡೆಗೆ, ಮೂಲೆಗೆ ಹೊಡೆದು ಒಣಗಲು ಬಿಟ್ಟ ಔಷಧ ಮಾತ್ರ ಈ ಜೇಡಕ್ಕೆ ಹೆಚ್ಚಿನದೇನೂ ಮಾಡದು. ಜಿರಲೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡೇ ಓಡಾಡುತ್ತದೆ, ಮೀಸೆ ಕಾಲುಗಳನ್ನು ಬಾಯಿಂದ ಶುಚಿ ಮಾಡಿಕೊಳ್ಳುವಾಗ ವಿಷವನ್ನೂ ನುಂಗುತ್ತದೆ. ಈ ಜೇಡ ಗಾಳಿಯಲ್ಲಿ, ತನ್ನದೇ ಎಳೆಗಳ ಮೇಲೆ ತೂಗುತ್ತಿರುತ್ತದೆ. ಗೋಡೆಯ ಮೇಲೆ ನಡೆದರೂ ತಾಗುವುದು ಕಾಲಿನ ತುದಿ ಮಾತ್ರ. ಒಂದು ಸತ್ತರೂ ಬಚ್ಚಲ ನೊಣಗಳ ಹಾರಾಟ ನಿಲ್ಲದ ಆ ಮೂಲೆಗೆ ಇನ್ನೊಂದು ಬಂದು ಸೇರುತ್ತಿತ್ತು.

ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಬೆಕ್ಕಿನ ವಿಚಾರ. ಖಾಲಿ ಡಬ್ಬಿಗಳಲ್ಲಿ ಒಂದರ ಮೇಲೆ ಪರ್ಮೆಥ್ರಿನ್ ಎಂದಿತ್ತು. ಮನುಷ್ಯರೂ ನಾಯಿಗಳೂ ತಡೆದುಕೊಳ್ಳುವ ಪ್ರಮಾಣದ ಪರ್ಮೆಥ್ರಿನ್ ಬೆಕ್ಕಿನ ದೇಹದಲ್ಲಿ ಬೇಗ ಕರಗದು. ನಡುಕ, ಸೆಳವು ಬಂದು ಪ್ರಾಣವೇ ಹೋಗಬಹುದು. ಮೆಟ್ಟಿಲಿನಡಿಯ ಮೂಲೆ ಆ ಬೆಕ್ಕು ಮಲಗುವ ಜಾಗ, ಔಷಧ ಅತಿ ಹೆಚ್ಚು ಬಿದ್ದದ್ದೂ ಅಲ್ಲೇ. ನಿರುಪದ್ರವಿ ಜೇಡವೊಂದನ್ನು ಓಡಿಸಲು ಮನೆಯ ಪ್ರಾಣಿಯನ್ನೇ ಇಂಥ ಅಪಾಯಕ್ಕೆ ಒಡ್ಡುವುದು ಸಲ್ಲದು. ಆ ಜಾಗವನ್ನು ಸೋಪು ನೀರಿನಿಂದ ತೊಳೆಸಿ, ಬೆಕ್ಕಿನ ಹಾಸಿಗೆ ಬದಲಿಸಿ, ಸ್ಪ್ರೇಗೆ ಅಂದೇ ಪೂರ್ಣವಿರಾಮ ಹಾಕಿಸಿದೆ.

ನಿಂಬೆ ಎಣ್ಣೆ, ಪುದೀನ ಎಣ್ಣೆ ಸಿಂಪಡಿಸಬಹುದೇ ಎಂದು ಮನೆಯೊಡತಿ ಕೇಳಿದರು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಿಂಬೆ ಎಣ್ಣೆಗೆ ಜೇಡಗಳು ಹಿಂಜರಿಯಲೇ ಇಲ್ಲ, ಪುದೀನ ಎಣ್ಣೆಯ ವಾಸನೆಯಿಂದ ಕೆಲವು ಪ್ರಭೇದಗಳು ದೂರ ಉಳಿದವು. ಕೀಟ ಹುಟ್ಟುವ ಬಚ್ಚಲನ್ನು ಹಾಗೆಯೇ ಬಿಟ್ಟು ಮೂಲೆಗೆ ಪರಿಮಳ ಪೂಸಿದರೆ ಫಲವಿಲ್ಲವೆಂದು ಹೇಳಿ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಮಾಡಿದ ಕೆಲಸ

ಮೊದಲು ಬಚ್ಚಲು. ಕೊಳವೆಯ ಒಳಗೋಡೆಯನ್ನು ಉದ್ದ ಹಿಡಿಯ ಗಡಸು ಬ್ರಷ್‌ನಿಂದ ಉಜ್ಜಿ ಲೋಳೆಯನ್ನು ಕಿತ್ತು ತೆಗೆಯಬೇಕು. ಬಿಸಿನೀರು, ಬ್ಲೀಚ್ ಸುರಿದರೆ ಲೋಳೆಯ ಮೇಲೆ ಹರಿದು ಹೋಗುತ್ತವೆಯೇ ಹೊರತು ಅದರಡಿ ಅಡಗಿದ ಹುಳುಗಳು ಉಳಿದುಕೊಳ್ಳುತ್ತವೆ. ಉಜ್ಜಿದ ಮೇಲೆ ಟ್ರ್ಯಾಪ್ ತುಂಬುವಷ್ಟು ನೀರು ಸುರಿಯಲಾಯಿತು. ಬಚ್ಚಲ ನೊಣಕ್ಕೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದರಿಂದ ಮೂರು ವಾರ ಸಾಕು. ಆದ್ದರಿಂದ ಇದೇ ಕೆಲಸವನ್ನು ಕೆಲವು ವಾರ ಬಿಡದೆ ಮಾಡಬೇಕಾಯಿತು.

ನಂತರ ಬಲೆ. ಪೊರಕೆಯಿಂದ ಹೊಡೆದರೆ ಬಲೆ ಹರಿಯುತ್ತದೆ, ಜೇಡ ಮಾತ್ರ ಗೋಡೆ ಹಿಡಿದು ಜಾರಿಕೊಳ್ಳುತ್ತದೆ. ಹಿರಿಯ ತಾಯಿ ಕಾಣುತ್ತಿದ್ದ "ಅದೇ ಜೇಡ" ಬಹುಶಃ ನಿಜಕ್ಕೂ ಅದೇ ಆಗಿತ್ತು. ವ್ಯಾಕ್ಯೂಮ್ ಕ್ಲೀನರ್‌ಗೆ ಸಂದಿಗಳಲ್ಲಿ ಹೋಗುವ ಚಪ್ಪಟೆ ಮೂತಿಯನ್ನು ಹಾಕಿ, ಮೊದಲು ಜೇಡವನ್ನು, ಆಮೇಲೆ ಬಲೆಯನ್ನು ಹೀರಿಸಿದೆವು. ಉದ್ದಗಾಲಿನ ಜೇಡದ ವಿಷಯದಲ್ಲಿ ತಾಯಿ ಹೋದರೆ ಮೊಟ್ಟೆಯೂ ಹೋಗುತ್ತದೆ. ಕಿಟಕಿಯ ದುಂಡು ಜೇಡದ್ದು ಹಾಗಲ್ಲ. ಅದರ ಚೀಲಗಳನ್ನು ಒಂದೊಂದಾಗಿ ಹುಡುಕಿ ತೆಗೆಯದಿದ್ದರೆ ಮರಿಗಳು ಕೋಣೆ ತುಂಬುತ್ತವೆ. ಕೆಲಸ ಮುಗಿದೊಡನೆ ವ್ಯಾಕ್ಯೂಮ್ ಕ್ಲೀನರ್‌ನ ಕಸದ ಚೀಲವನ್ನು ಮನೆಯ ಹೊರಗೆ ಖಾಲಿ ಮಾಡಲಾಯಿತು. ಉದ್ದಗಾಲಿನ ಜೇಡ ಹಳೆಯ ನೂಲನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಸೇರಿಸುತ್ತ ಹೋಗುತ್ತದೆ, ಧೂಳು ಹಿಡಿದ ಬಲೆಯ ರಾಶಿ ಬೆಳೆಯುವುದು ಹೀಗೆ. ಇದರಿಂದಾಗಿ ಹತ್ತು ಜೇಡವಿರುವ ಮನೆ ನೂರಿರುವ ಹಾಗೆ ಕಾಣುತ್ತದೆ.

ರಟ್ಟಿನ ಪೆಟ್ಟಿಗೆಗಳು ಹೋಗಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳು ಬಂದವು. ಅವನ್ನು ಗೋಡೆಯಿಂದ ಒಂದು ಗೇಣು ದೂರದಲ್ಲಿ, ನೆಲದಿಂದ ಎತ್ತರದಲ್ಲಿ ಜೋಡಿಸಲಾಯಿತು. ನೆಲಮಾಳಿಗೆಯ ಕಿಟಕಿಗೆ ಸೊಳ್ಳೆ ಪರದೆ, ಗಾಳಿ ಹೊರಹಾಕುವ ಫ್ಯಾನ್, ಕೊಳವೆಗಳು ಗೋಡೆಯನ್ನು ದಾಟುವಲ್ಲಿನ ಸಂದಿಗಳಿಗೆ ಸಿಲಿಕೋನ್ ಸೀಲಂಟ್, ಹೊರಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ. ವರಾಂಡದ ಬಿಳಿ ದೀಪದ ಬದಲು ಹಳದಿ ಬೆಳಕಿನ ಎಲ್‌ಇಡಿ, ಅದೂ ಜನ ಓಡಾಡಿದಾಗ ಮಾತ್ರ ಉರಿಯುವ ಹಾಗೆ. ಮಗುವಿನ ಕೋಣೆಯ ಕಿಟಕಿಗೆ ಜಾಲರಿ ಹಾಕಿಸಿದ್ದು ಜೇಡಕ್ಕಾಗಿ ಅಲ್ಲ, ಜೀರುಂಡೆಗಾಗಿ.

ಗೋಡೆಯುದ್ದಕ್ಕೂ ಕೆಲವು ಅಂಟುಹಲಗೆಗಳನ್ನು ಇಟ್ಟದ್ದು ಜೇಡ ಹಿಡಿಯಲು ಅಲ್ಲ. ಬಲೆ ಬಿಟ್ಟು ಇಳಿಯದ ಜೇಡ ಅದಕ್ಕೆ ಸಿಗುವುದೂ ಅಪರೂಪ. ಯಾವ ಮೂಲೆಯಲ್ಲಿ ಯಾವ ಕೀಟ ಇನ್ನೂ ಓಡಾಡುತ್ತಿದೆ ಎಂದು ತಿಳಿಯಲು ಅದಕ್ಕಿಂತ ಸುಲಭದ ಸಾಧನವಿಲ್ಲ. ಬೆಕ್ಕಿನ ಕಾಲಿಗೆ ಅಂಟದಂತೆ ಅವನ್ನು ಕಪಾಟುಗಳ ಹಿಂದೆ ಸರಿಸಿಡಲಾಯಿತು.

ಆಮೇಲೆ

ಫಲ ನಿಧಾನವಾಗಿ ಬಂತು. ಜೇಡಗಳು ದೀರ್ಘಕಾಲ ಉಪವಾಸವಿರಬಲ್ಲವು, ಆಹಾರ ನಿಂತ ಮರುದಿನವೇ ಖಾಲಿಯಾಗುವುದಿಲ್ಲ. ಮೊದಲು ಟೇಪಿನ ಮೇಲೆ ಬಚ್ಚಲ ನೊಣ ಕಡಿಮೆಯಾಯಿತು. ಅದಾದ ಮೇಲೆ ಒಗೆಯುವ ಯಂತ್ರದ ಹಿಂದಿನ ಮೂಲೆಯಲ್ಲಿ ಹೊಸ ಬಲೆ ಕಾಣಿಸುವುದು ತಡವಾಗುತ್ತ ಹೋಗಿ ಕೊನೆಗೆ ನಿಂತಿತು. ಆರ್ದ್ರತೆ ಶೇ 60ರ ಕೆಳಗೆ ಇಳಿಯಿತು. ಮಹಡಿಯ ಕೋಣೆಗಳಲ್ಲಿ ಈಗ ವಾರಕ್ಕೊಮ್ಮೆಯ ಸಾಮಾನ್ಯ ಧೂಳು ತೆಗೆಯುವ ಕೆಲಸವಷ್ಟೇ ಉಳಿದಿದೆ. ಮಗಳಿಗೆ ಅಂಥ ಗೆರೆ ಮತ್ತೆ ಬಂದಿಲ್ಲ.

ಪೆಟ್ಟಿಗೆಗಳಿದ್ದ ಕೋಣೆಯ ಸೂರಿನ ಎರಡು ಜೇಡಗಳನ್ನು ಮನೆಯವರು ತಾವಾಗಿಯೇ ಉಳಿಸಿಕೊಂಡಿದ್ದಾರೆ. ಅಲ್ಲಿನ ಅಂಟುಹಲಗೆಯಲ್ಲಿ ಬೆಳ್ಳಿ ಹುಳುಗಳು ಆಗಾಗ ಇನ್ನೂ ಸಿಗುವುದರಿಂದ ನಾನೂ ಆ ನಿರ್ಧಾರಕ್ಕೆ ಒಪ್ಪಿದೆ. ಇನ್ನು ನಿಗಾ ಬೇಕಾದದ್ದು ಆ ಬಚ್ಚಲಿಗೆ. ವಾರಕ್ಕೊಮ್ಮೆ ಟ್ರ್ಯಾಪ್‌ಗೆ ಒಂದು ತಂಬಿಗೆ ನೀರು ಸುರಿಯುವುದನ್ನು ಹಿರಿಯ ತಾಯಿ ತಮ್ಮ ಪಾಲಿಗೆ ತೆಗೆದುಕೊಂಡಿದ್ದಾರೆ. ಎಲ್ಲರೂ ಹೆಚ್ಚು ದಿನ ಮನೆ ಬಿಟ್ಟು ಹೋಗುವುದಿದ್ದರೆ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಬೇಕು. ಎಣ್ಣೆಯ ಪದರ ನೀರು ಆವಿಯಾಗುವುದನ್ನು ತಡಮಾಡುತ್ತದೆ.